ಟಿಕೆಟ್ಟಿನ ಹಿಂಬದಿಯ ವಿಮರ್ಶೆ

ಕಂಡಕ್ಟರ್ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳು ನನ್ನನ್ನು ಹುಡುಕಿಕೊಂಡು ಬಂದು ಅನುಭವ ಹೇಳಿ ಎಂದು ಕೇಳುತ್ತಿದ್ದಾರೆಂದು ಯಾರೂ ಭಾವಿಸಬಾರದು. ಯಾರೂ ಕೇಳಿಲ್ಲ. ಕೇಳದೆಯೇ ಹೇಳುವ ಹಕ್ಕು ನಿವೃತ್ತನಿಗೆ ಪಿಂಚಣಿಯ ಜೊತೆಯಲ್ಲೇ ಮಂಜೂರಾಗಿರುತ್ತದೆ. ಆ ಹಕ್ಕನ್ನು ಇಲ್ಲಿ ಚಲಾಯಿಸುತ್ತಿದ್ದೇನೆ.

ನೀಲಗಿರಿಯ ಸರ್ಕಾರಿ ಬಸ್ಸುಗಳಲ್ಲಿ ನಾನು ಮೂವತ್ತೊಂದು ವರ್ಷ ನಿಂತೆ. ಕೂತೆ ಎಂದು ಬರೆಯಲು ಕೈ ಬರುವುದಿಲ್ಲ. ಮೊದಲು ಊಟಿ–ಸೋಲೂರು, ಆಮೇಲೆ ಊಟಿ–ಮಸಿನಗುಡಿ, ಕೊನೆಯ ಹದಿನಾಲ್ಕು ವರ್ಷ ಗೂಡಲೂರು–ಮೈಸೂರು. ಬಡ್ತಿಯ ವಿಷಯ ಹೇಳಿ ಓದುವವರ ಸಮಯ ಹಾಳು ಮಾಡುವುದಿಲ್ಲ. ಅದು ಬಂದದ್ದು ಒಂದು ಸಲ. ಬಂದದ್ದು ಸಂಬಳದ ಚೀಟಿಗೆ ಗೊತ್ತಾಯಿತೇ ಹೊರತು ಮನೆಯವಳಿಗೆ ಗೊತ್ತಾಗಲಿಲ್ಲ.

ಸೋಲೂರು ಬಸ್ಸಿನಲ್ಲಿ ಕೆಲಸ ಕಲಿತೆ. ಆ ಬಸ್ಸಿನಲ್ಲಿ ಮನುಷ್ಯರಿಗಿಂತ ಕ್ಯಾರೆಟ್ ಮೂಟೆಗಳು ಹೆಚ್ಚು, ಮತ್ತು ಮೂಟೆಗಳೇ ಹೆಚ್ಚು ಶಿಸ್ತಿನವು. ಮಂಜು ಕವಿದ ದಿನ ಕಂಡಕ್ಟರು ಕೆಳಗಿಳಿದು ಟಾರ್ಚ್ ಹಿಡಿದು ಬಸ್ಸಿನ ಮುಂದೆ ನಡೆಯಬೇಕು. ನಾನು ಈ ಸಂಸ್ಥೆಗೆ ದಾರಿ ತೋರಿಸಿದ್ದು ಅಷ್ಟೇ. ನನಗೆ ಕೆಲಸ ಕಲಿಸಿದವರು ಪೆರಿಯಸಾಮಿ ಎಂಬ ಹಿರಿಯ ಕಂಡಕ್ಟರು. ಅವರ ಬೋಧನೆಯಲ್ಲಿ ಮುಖ್ಯವಾದದ್ದು ಒಂದೇ. "ಹಳೇ ಟಿಕೆಟ್ ಎಲ್ಲಿ ಕಂಡರೂ ಹರಿದು ಹಾಕು ತಂಬಿ. ಸೀಟಿನ ಮೇಲೋ, ನೆಲದ ಮೇಲೋ, ನಿನ್ನ ಮಾವನ ಜೇಬಿನಲ್ಲೋ, ಕಂಡ ಕೂಡಲೇ ಹರಿ. ಯೋಚನೆ ಮಾಡಬೇಡ." ಒಬ್ಬರು ಬಿಸಾಕಿದ ಟಿಕೆಟ್ಟನ್ನು ಇನ್ನೊಬ್ಬರು ಎತ್ತಿಕೊಂಡು ಚೆಕಿಂಗಿಗೆ ಬಂದವರ ಮುಂದೆ ಹಿಡಿದರೆ ಉತ್ತರ ಹೇಳಬೇಕಾದವನು ಕಂಡಕ್ಟರು. ನಾನು ಆ ಮಾತನ್ನು ಎಷ್ಟು ಶ್ರದ್ಧೆಯಿಂದ ಪಾಲಿಸಿದೆನೆಂದರೆ ಒಂದು ವರ್ಷದೊಳಗೆ ಹರಿಯುವ ಕೆಲಸ ತಲೆಯಿಂದ ಕೈಗೆ ಇಳಿದುಬಿಟ್ಟಿತು. ತಲೆಗೆ ಸುದ್ದಿ ಮುಟ್ಟುವ ಮೊದಲೇ ಟಿಕೆಟ್ ನಾಲ್ಕು ಚೂರಾಗಿರುತ್ತಿತ್ತು.

ಗೂಡಲೂರಿನಿಂದ ಬೆಳಿಗ್ಗೆ ಏಳಕ್ಕೆ ಹೊರಟರೆ ತೊರಪಳ್ಳಿ, ತೆಪ್ಪಕಾಡು, ಬಂಡೀಪುರ, ಗುಂಡ್ಲುಪೇಟೆ ದಾಟಿ ಮೈಸೂರು. ಅಲ್ಲಿ ಒಂದೂವರೆ ಗಂಟೆ ಬಿಡುವು. ಸಂಜೆ ಅದೇ ದಾರಿಯಲ್ಲಿ ವಾಪಸು. ಡ್ರೈವರ್ ಭೋಜನ್ ಸೋಲೂರು ಕಡೆಯ ಬಡಗ ಸಮುದಾಯದವರು. ಮನೆಯಲ್ಲಿ ಬಡಗ, ಡಿಪೋದಲ್ಲಿ ತಮಿಳು, ನನ್ನ ಜೊತೆ ಕನ್ನಡ, ಎದುರು ಬರುವ ಲಾರಿಗಳ ಜೊತೆ ನಾಲ್ಕನೆಯ ಒಂದು ಭಾಷೆ. ಅದಕ್ಕೆ ಲಿಪಿ ಇಲ್ಲದಿರುವುದೇ ಒಳ್ಳೆಯದು. ಬಿಡುವಿನ ವೇಳೆಯಲ್ಲಿ ಅವರು ಸೀಟಿನ ಮೇಲೆ ನಿದ್ದೆ ಮಾಡುತ್ತಿದ್ದರು. ನಾನು ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿದ್ದ ಕಮಲಮ್ಮನವರ ಬಾಡಿಗೆ ಪುಸ್ತಕದ ಅಂಗಡಿಗೆ ಹೋಗುತ್ತಿದ್ದೆ.

ಮೊದಲು ನನಗಾಗಿ ಒಂದು ಕಾದಂಬರಿ ತಂದೆ. ಅದನ್ನು ಕಂಡ ಗೂಡಲೂರಿನ ಒಬ್ಬ ಟೀಚರು ತಮಗೂ ಒಂದು ತರಲು ಹೇಳಿದರು. ಆಮೇಲೆ ಗುಂಡ್ಲುಪೇಟೆ ಕಡೆಯಿಂದ ಬಂದು ನೆಲೆಸಿದ ಅಂಗಡಿಯವರು, ಅವರ ಮನೆಯ ಹೆಂಗಸರು ಕೇಳಿದರು. ನಮ್ಮ ಕಡೆ ಕನ್ನಡ ಮಾತಾಡುವವರಿಗೆ ಬರವಿಲ್ಲ, ಕನ್ನಡ ಪುಸ್ತಕಕ್ಕೆ ಬರ. ಒಂದೆರಡು ವರ್ಷದಲ್ಲಿ ಡ್ರೈವರ್ ಸೀಟಿನ ಹಿಂದಿನ ಕೊಕ್ಕೆಯಲ್ಲಿ ಒಂದು ಬಟ್ಟೆಯ ಚೀಲ ಖಾಯಂ ಆಗಿ ನೇತಾಡತೊಡಗಿತು. ಅದರಲ್ಲಿ ಎಂಟು ಹತ್ತು ಕಾದಂಬರಿಗಳು ಎರಡು ರಾಜ್ಯಗಳ ನಡುವೆ ಓಡಾಡುತ್ತಿದ್ದವು.

ಈ ಚೀಲ ನನಗೆ ತಂದ ಕೀರ್ತಿಗಳಲ್ಲಿ ಎರಡನ್ನು ಹೇಳಬೇಕು. ಒಂದು ದಿನ ತೆಪ್ಪಕಾಡಿನಲ್ಲಿ ಓದುಗರೊಬ್ಬರಿಗೆ ಪುಸ್ತಕ ಕೊಡಲು ಕೆಳಗಿಳಿದೆ. ಅಷ್ಟರಲ್ಲಿ ಅರಣ್ಯದ ಗಾರ್ಡ್ ಒಬ್ಬರು ಮಂಗಗಳನ್ನು ಓಡಿಸಲು ಎರಡು ಸಲ ವಿಸಿಲ್ ಊದಿದರು. ಎರಡು ವಿಸಿಲ್ ಅಂದರೆ ಹೊರಡು ಎಂದು ಅರ್ಥ. ಮಂಗಗಳು ಅಲ್ಲೇ ಇದ್ದವು, ಭೋಜನ್ ಹೊರಟುಹೋದರು. ಬಂಡೀಪುರದವರೆಗೆ ಬಸ್ಸು ಕಂಡಕ್ಟರಿಲ್ಲದೆ ನಡೆಯಿತು. ಪ್ರಯಾಣಿಕರಲ್ಲಿ ಒಬ್ಬರೂ ಅದರ ಬಗ್ಗೆ ದೂರು ಹೇಳಲಿಲ್ಲ. ಅಷ್ಟು ವರ್ಷದ ಸೇವೆಗೆ ಸಿಕ್ಕ ಆ ಪ್ರಮಾಣಪತ್ರವನ್ನು ನಾನು ಮರೆತಿಲ್ಲ.

ಇನ್ನೊಂದು ಸಲ ಚೆಕಿಂಗ್ ಇನ್‌ಸ್ಪೆಕ್ಟರು ಹತ್ತಿದರು. ಗಂಭೀರ ಮನುಷ್ಯ, ನಗುವನ್ನು ಡಿಪೋದಲ್ಲಿ ಬಿಟ್ಟು ಬರುತ್ತಿದ್ದವರು. ಚೀಲವನ್ನು ಬೆರಳಿನಿಂದ ಚುಚ್ಚಿ, "ಇದು ಯಾರ ಲಗೇಜು?" ಎಂದರು.

"ಪಬ್ಲಿಕ್‌ದು ಸಾರ್."

"ಒಳಗೆ ಏನು?"

"ಕಾದಂಬರಿ ಸಾರ್. ಬಹುಪಾಲು ಪ್ರೇಮ."

"ಲಗೇಜ್ ಟಿಕೆಟ್ ಹರಿದಿದ್ದೀರಾ?"

ಇಲ್ಲ ಎಂದೆ. ಮೆಮೋ ಬಂತು. ಸದರಿ ಸರಕಿನಲ್ಲಿ ಕಾಗದದ ತೂಕ ಮಾತ್ರ ಇದ್ದು, ಒಳಗಿನ ವಿಷಯಕ್ಕೆ ತೂಕ ಇರುವುದಿಲ್ಲವೆಂದು ಓದಿದವರೇ ಹೇಳಿರುತ್ತಾರೆಂದು ವಿವರಣೆ ಬರೆದುಕೊಟ್ಟೆ. ಬ್ರಾಂಚ್ ಮ್ಯಾನೇಜರು ಅದನ್ನು ಎರಡು ಸಲ ಓದಿ, "ಹೋಗಲಿ, ಇನ್ನು ಮೇಲೆ ಪ್ರೇಮ ಎರಡು ಕಿಲೋ ಮೀರಬಾರದು" ಎಂದು ಫೈಲ್ ಮುಚ್ಚಿದರು. ಮೇಲಧಿಕಾರಿಗಳಲ್ಲಿ ಅಂಥವರು ಒಬ್ಬರು ಸಿಕ್ಕರೂ ಸರ್ವಿಸ್ ಸಾರ್ಥಕ.

ಕಮಲಮ್ಮನವರ ಅಂಗಡಿಗೆ ಒಂದು ನಿಯಮವಿತ್ತು. ಪುಸ್ತಕ ವಾಪಸು ಬಂದಾಗ ಓದಿದವರ ಅಭಿಪ್ರಾಯವೂ ಜೊತೆಗೆ ಬರಬೇಕು. "ಬಾಡಿಗೆ ಯಾರು ಬೇಕಾದರೂ ಕೊಡ್ತಾರೆ ಕಂಡಕ್ಟರೇ, ಓದಿದ್ದಕ್ಕೆ ಗುರುತೇನು?" ಎನ್ನುತ್ತಿದ್ದರು. ನಮ್ಮ ಓದುಗರಿಗೆ ಕೈಗೆ ಸಿಗುತ್ತಿದ್ದ ಕಾಗದ ಬಸ್ ಟಿಕೆಟ್. ಅದರ ಹಿಂಬದಿಯಲ್ಲಿ ಬರೆದು ಪುಸ್ತಕದೊಳಗೆ ಇಡುತ್ತಿದ್ದರು. ಆ ಚೀಟಿ ಪುಸ್ತಕದ ಜೊತೆಯಲ್ಲೇ ಮುಂದಿನ ಓದುಗರಿಗೆ ಹೋಗಿ, ಕೊನೆಗೆ ಕಮಲಮ್ಮನವರಿಗೆ ಸೇರುತ್ತಿತ್ತು. ಕಟ್ಟಿನಿಂದ ಹರಿದುಕೊಡುವ ಹಳೇ ಟಿಕೆಟ್ಟಿನ ಕಾಲದಲ್ಲಿ ಟಿಕೆಟ್ ಹೆಬ್ಬೆರಳಿನಷ್ಟೇ ಇತ್ತು. ಆದ್ದರಿಂದ ವಿಮರ್ಶೆಯೂ "ಚೆನ್ನಾಗಿದೆ", "ಅಳು ಬಂತು", "ಅತ್ತೆ ಪಾತ್ರ ನಮ್ಮತ್ತೆ" ಎಂಬಲ್ಲಿಗೆ ಮುಗಿಯುತ್ತಿತ್ತು. ಕೈಯಲ್ಲಿ ಹಿಡಿಯುವ ಮೆಷಿನ್ ಬಂದ ಮೇಲೆ ಟಿಕೆಟ್ ಉದ್ದವಾಯಿತು, ಹಿಂಬದಿ ಬಿಳಿಯಾಗಿ ಖಾಲಿ ಉಳಿಯಿತು. ನೀಲಗಿರಿಯಲ್ಲಿ ಕನ್ನಡ ವಿಮರ್ಶೆ ಬೆಳೆದದ್ದು ಹೀಗೆ. ಇದಕ್ಕೆ ವಿದ್ವಾಂಸರು ಬೇರೆ ಕಾರಣ ಕೊಟ್ಟರೆ ನಂಬಬೇಡಿ.

ಈ ವಿಮರ್ಶಕರಲ್ಲಿ ಎಲ್ಲರಿಗಿಂತ ನೇರ ತೊರಪಳ್ಳಿಯ ರತ್ನ. ರಸ್ತೆಯ ಪಕ್ಕದಲ್ಲಿ ಟೈಲರಿಂಗ್ ಅಂಗಡಿ. ವಯಸ್ಸು ನಲವತ್ತರ ಆಸುಪಾಸು. ತಾಯಿಯನ್ನು ನೋಡಿಕೊಳ್ಳುತ್ತ ಮದುವೆಯನ್ನು ಮುಂದೂಡಿದವಳು, ತಾಯಿ ತೀರಿಕೊಂಡ ಮೇಲೆ ಆ ವಿಷಯ ಎತ್ತುವವರಿಲ್ಲದೆ ಹಾಗೇ ಉಳಿದಳು. ಎದುರುಗಡೆ, ರಸ್ತೆಯ ಆಚೆ, ಮಹದೇವನ ಮಿಕ್ಸಿ ಗ್ರೈಂಡರ್ ರಿಪೇರಿ ಅಂಗಡಿ. ಅವನೂ ಗುಂಡ್ಲುಪೇಟೆ ಕಡೆಯವನು, ಒಂಟಿ, ಪತ್ತೇದಾರಿ ಕಾದಂಬರಿ ಬಿಟ್ಟು ಇನ್ನೇನನ್ನೂ ಮುಟ್ಟದವನು. ಹನ್ನೆರಡು ವರ್ಷದಿಂದ ಇವರಿಬ್ಬರು ಸ್ನೇಹಿತರು. ನಮ್ಮ ಬಸ್ಸು ತೊರಪಳ್ಳಿಯಲ್ಲಿ ನಿಲ್ಲುವುದು ಒಂದು ನಿಮಿಷ. ದಿನಕ್ಕೆ ಎರಡು ನಿಮಿಷದಂತೆ ಹದಿನಾಲ್ಕು ವರ್ಷ ನೋಡಿದವನಿಗೆ ಒಂದು ರಸ್ತೆಯ ಬಗ್ಗೆ ತಿಳಿಯಬೇಕಾದದ್ದೆಲ್ಲ ತಿಳಿಯುತ್ತದೆ. ಬೆಳಿಗ್ಗೆ ಇಬ್ಬರೂ ತಮ್ಮ ತಮ್ಮ ಬಾಗಿಲಲ್ಲಿ ಟೀ ಗ್ಲಾಸ್ ಹಿಡಿದು ನಿಂತು, ನಡುವೆ ಲಾರಿ ಹೋದರೆ ಮಾತು ನಿಲ್ಲಿಸಿ, ಹೋದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು.

"ನಿಮ್ಮ ಬೋರ್ಡ್‌ನಲ್ಲಿ 'ಗ್ಯಾರಂಟಿ' ಅಂತ ಬರೆಸಿದ್ದೀರಲ್ಲ, ಯಾತಕ್ಕೆ ಗ್ಯಾರಂಟಿ?" ಎಂದು ಇವಳು ಈಚೆಯಿಂದ ಕೇಳಿದರೆ, "ಮತ್ತೆ ಕೆಡ್ತದೆ ಅನ್ನೋದಕ್ಕೆ" ಎಂದು ಅವನು ಆಚೆಯಿಂದ ಹೇಳುತ್ತಿದ್ದ.

ಕಂಡಕ್ಟರಿಗೆ ಕಣ್ಣಿಗಿಂತ ಕಿವಿ ಚುರುಕಿರಬೇಕು. ನಾನು ಗಮನಿಸಿದ ಒಂದು ಸಂಗತಿಯನ್ನು ಇಲ್ಲಿ ದಾಖಲಿಸುತ್ತೇನೆ. ರತ್ನ ಜಗತ್ತಿನ ಎಲ್ಲ ಗಂಡಸರನ್ನೂ ಅಣ್ಣ ಎನ್ನುತ್ತಿದ್ದಳು. ನಾನು ಕಂಡಕ್ಟರಣ್ಣ, ಭೋಜನ್ ಡ್ರೈವರಣ್ಣ, ಆ ನಗದ ಇನ್‌ಸ್ಪೆಕ್ಟರು ಕೂಡ ಒಂದು ದಿನ ಚೆಕಿಂಗಣ್ಣ ಆದರು. ತೊರಪಳ್ಳಿಗೆಲ್ಲ ಮಾದೇವಣ್ಣ ಆಗಿದ್ದವನನ್ನು ಮಾತ್ರ ಅವಳು "ಇವರೇ" ಎನ್ನುತ್ತಿದ್ದಳು. ಆ ಪದದಲ್ಲಿ ಸ್ನೇಹಿತರ ಪಾಲಿಗೆ ಬೇಕಾದಷ್ಟು ಜಾಗವಿದೆ, ಅದಕ್ಕಿಂತ ಹೆಚ್ಚಿಗೆ ಬೇಕಾದವರಿಗೂ ಇದೆ.

ಒಂದು ಸಂಜೆ ಮಹದೇವ ಬಸ್ಸಿನ ಹಿಂಬಾಗಿಲಿಗೆ ಬಂದು, ಓದಿ ಮುಗಿಸಿದ ಪತ್ತೇದಾರಿ ಪುಸ್ತಕ ಕೊಟ್ಟು, ದನಿ ತಗ್ಗಿಸಿದ.

"ಅಣ್ಣ, ಈ ಸಲ ಕೊಲೆ ಬ್ಯಾಡ. ಇಬ್ಬರು ಸ್ನೇಹಿತರು ಇರ್ತರಲ್ಲ, ಆಮೇಲೆ ಮದ್ವೆ ಆಯ್ತರಲ್ಲ. ಅಂತದ್ದು ಏನಾರ ಸಿಕ್ಕದಾ?"

"ನಿನಗಾ?"

"ಮೊದ್ಲು ರತ್ನಂಗೆ ಕೊಡಿ. ಆಮೇಲೆ ನಂಗೆ. ಏನ್ ಬರೀತಾಳೆ ನೋಡುವ."

ಅವನ ಮುಖ ನೋಡಿದೆ. ಹನ್ನೆರಡು ವರ್ಷದ ಸ್ನೇಹವನ್ನು ಒಂದು ಮಾತಿನ ಮೇಲೆ ಪಣಕ್ಕಿಡಲು ಧೈರ್ಯವಿಲ್ಲದವನು ಒಂದು ಪುಸ್ತಕವನ್ನು ಮುಂದೆ ಕಳಿಸುತ್ತಿದ್ದಾನೆ ಎಂದು ಅರ್ಥವಾಯಿತು. ಇಂಥ ವಿಷಯದಲ್ಲಿ ಕಂಡಕ್ಟರು ಪ್ರಶ್ನೆ ಕೇಳಬಾರದು. ಎಲ್ಲಿಗೆ ಎಂದು ಕೇಳಬಹುದು, ಯಾಕೆ ಎಂದು ಕೇಳಬಾರದು.

ಮರುದಿನ ಕಮಲಮ್ಮನವರ ಮುಂದೆ ಬೇಡಿಕೆ ಇಟ್ಟೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ಅಂಥವು ಈಗ ಬೇಕಾದಷ್ಟು ಬರ್ತಿವೆ. ಇದನ್ನು ತಗೊಂಡು ಹೋಗಿ, ಇದರಲ್ಲಿ ಮಳೆ ಕಡಿಮೆ" ಎಂದರು.

ಆ ಕಾದಂಬರಿಯ ಹೆಸರು ಹೇಳುವುದಿಲ್ಲ, ಬರೆದವರು ಚೆನ್ನಾಗಿರಲಿ. ರತ್ನಳಿಗೆ ಕೊಡುವ ಮೊದಲು ಎರಡು ಬಿಡುವಿನಲ್ಲಿ ನಾನೇ ಓದಿದೆ. ಸರಕು ಪರೀಕ್ಷಿಸದೆ ಸಾಗಿಸುವುದು ತಪ್ಪು. ಮೈಸೂರಿನಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ, ಕಾಲೇಜಿನ ಸ್ನೇಹ. ಅವಳಿಗೆ ಬ್ಯಾಂಕಿನ ಕೆಲಸ, ಅವನದು ಫೋಟೊ ಸ್ಟುಡಿಯೊ. ಎಂಟು ವರ್ಷ ಸಂಜೆ ಒಂದೇ ಹೋಟೆಲಿನಲ್ಲಿ ಕಾಫಿ. ಇವರು ಪ್ರೀತಿಸುತ್ತಿದ್ದಾರೆಂದು ಹುಡುಗಿಯ ತಾಯಿಗೆ ಗೊತ್ತು, ಹೋಟೆಲಿನ ಸಪ್ಲೈಯರಿಗೆ ಗೊತ್ತು, ಹನ್ನೊಂದನೆಯ ಪುಟದಲ್ಲಿ ನನಗೂ ಗೊತ್ತಾಯಿತು. ಇವರಿಬ್ಬರಿಗೆ ಮಾತ್ರ ಗೊತ್ತಿಲ್ಲ. ಎಲ್ಲಿ ಇಳಿಯಬೇಕೆಂದು ಇಡೀ ಬಸ್ಸಿಗೇ ತಿಳಿದಿರುವ ಇಬ್ಬರು ಪ್ರಯಾಣಿಕರನ್ನು ಇಪ್ಪತ್ತಮೂರು ಅಧ್ಯಾಯ ಊರು ಸುತ್ತಿಸುವುದು ಕಂಡಕ್ಟರಾದವನಿಗೆ ಸಹಿಸಲು ಕಷ್ಟ. ಆದರೂ ಒಂದು ಅಧ್ಯಾಯಕ್ಕೆ ನಾನು ಸೋತೆ. ಹುಡುಗಿಗೆ ಗಂಡು ನೋಡುತ್ತಾರೆ, ವರನ ಕಡೆಗೆ ಕಳಿಸುವ ಫೋಟೊ ತೆಗೆಯಲು ಇವನ ಸ್ಟುಡಿಯೊಗೇ ಬರುತ್ತಾಳೆ. ಇವನು ಹದಿನಾರು ಫೋಟೊ ತೆಗೆದು ಒಂದೂ ಚೆನ್ನಾಗಿ ಬಂದಿಲ್ಲ ಎನ್ನುತ್ತಾನೆ. ಎಲ್ಲವೂ ಚೆನ್ನಾಗಿ ಬಂದಿರುತ್ತವೆ. ಅಷ್ಟು ಬರೆಯಬಲ್ಲವರು, ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡ ಮೇಲೆ ನಾಲ್ಕು ಅಧ್ಯಾಯ ಚಿನ್ನ, ಬಂಗಾರ ಎಂದು ಕರೆಸಿ ಏಕೆ ಕೆಡಿಸಿದರೋ ತಿಳಿಯದು.

ಭೋಜನ್‌ಗೆ ಕಥೆ ಹೇಳಿದೆ. ಅವರು ಗಿಯರ್ ಬದಲಿಸುತ್ತ ಕೇಳಿ, "ಎಂಟು ವರ್ಷ ಒಂದೇ ಹೋಟ್ಲಾ? ಆ ಊರಲ್ಲಿ ಬೇರೆ ಹೋಟ್ಲು ಇಲ್ವಾ?" ಎಂದರು. ವಿಮರ್ಶೆ ಅಲ್ಲಿಗೆ ಮುಗಿಯಿತು.

ನಿನ್ನ ನಂತರ ಮಹದೇವನ ಸರದಿ ಎಂದು ಹೇಳಿ ಕೊಟ್ಟ ಪುಸ್ತಕವನ್ನು ರತ್ನ ಒಂಬತ್ತು ದಿನ ಇಟ್ಟುಕೊಂಡಳು. ಸಾಮಾನ್ಯವಾಗಿ ನಾಲ್ಕು ದಿನ ಸಾಕು. ಹತ್ತನೆಯ ದಿನ ಬೆಳಿಗ್ಗೆ ಕಿಟಕಿಯಲ್ಲಿ ಕೊಟ್ಟು, "ಚೀಟಿ ಒಳಗದೆ ಅಣ್ಣ, ಬೀಳಿಸಬೇಡಿ" ಎಂದಳು. ಬಸ್ಸು ಹೊರಟಿತು. ನಾನು ಕಂಬಿಗೆ ಒರಗಿ ಪುಸ್ತಕ ತೆರೆದೆ. ಮೊದಲ ಹಾಳೆಗೆ ಗುಂಡುಸೂಜಿಯಿಂದ ಚುಚ್ಚಿದ ಟಿಕೆಟ್, ಅವಳ ಹೊಲಿಗೆಯಷ್ಟೇ ಸಣ್ಣ ಅಕ್ಷರ. ಹೀಗಿತ್ತು: "ಸ್ನೇಹದ ಭಾಗ ಚೆನ್ನಾಗಿದೆ. ಇಪ್ಪತ್ತನಾಲ್ಕನೇ ಅಧ್ಯಾಯದ ಮೇಲೆ ಹುಡುಗ ಕೆಟ್ಟ. ಮುಂಚೆ ಅವಳು ಹಾಡಿದರೆ ಶ್ರುತಿ ಇಲ್ಲ ಅಂತ ಮುಖಕ್ಕೆ ಹೇಳುತ್ತಿದ್ದ. ಪ್ರೀತಿ ಅಂದ ಮೇಲೆ ಅದೇ ಹಾಡಿಗೆ ಕಣ್ಣು ಮುಚ್ಚಿ ತಲೆದೂಗುತ್ತಾನೆ. ಸುಳ್ಳು ಹೇಳುವ ಗಂಡನಿಗಿಂತ ನಿಜ ಹೇಳುವ ಸ್ನೇಹಿತ ಮೇಲು. ಇವರು ಸ್ನೇಹಿತರಾಗಿಯೇ ಉಳಿದಿದ್ದರೆ ಚೆನ್ನಾಗಿತ್ತು."

ಮನಸ್ಸು ಮೆಚ್ಚಿತು. ವಿಮರ್ಶೆ ಎಂದರೆ ಇದು. ಆದರೆ ಇದನ್ನು ಓದಬೇಕಾದವನು ಮಹದೇವ. ಹಾಗೆಂದು ಚೀಟಿ ತಡೆಹಿಡಿಯುವ ಅಧಿಕಾರ ನನಗಿಲ್ಲ. ಪ್ರಯಾಣಿಕರು ಕೊಟ್ಟದ್ದನ್ನು ಮುಟ್ಟಿಸಬೇಕಾದಲ್ಲಿಗೆ ಮುಟ್ಟಿಸುವುದೇ ಕೆಲಸ. ಸಂಜೆ ವಾಪಸು ಬರುವಾಗ ಕೊಟ್ಟೆ.

ಮೂರು ದಿನದಲ್ಲಿ ತೊರಪಳ್ಳಿಯ ಒಂದು ನಿಮಿಷ ಬದಲಾಯಿತು. ಮಹದೇವ ಟೀ ಗ್ಲಾಸ್ ಹಿಡಿದು ಅಂಗಡಿಯ ಒಳಗೆ, ರಸ್ತೆಗೆ ಬೆನ್ನು ಮಾಡಿ ಕುಳಿತಿದ್ದ. ಇನ್ನೂ ಎರಡು ದಿನ ಕಳೆದ ಮೇಲೆ ನೋಡಿದರೆ, ರಸ್ತೆಗೆ ಮುಖ ಮಾಡಿದ್ದ ರತ್ನಳ ಹೊಲಿಗೆ ಮೆಷಿನ್ ಗೋಡೆಯ ಕಡೆಗೆ ತಿರುಗಿತ್ತು. ಲಾರಿಗಳು ಯಾವ ಮಾತಿಗೂ ಅಡ್ಡ ಬರದೆ ಹೋಗುತ್ತಿದ್ದವು.

ಒಂದು ಸಂಜೆ ಮಹದೇವನನ್ನು ಬಾಗಿಲಿಗೆ ಕರೆದೆ. "ಅದು ಪುಸ್ತಕದ ಮೇಲಿನ ಅಭಿಪ್ರಾಯ ಕಣಪ್ಪ" ಎಂದೆ.

"ಪುಸ್ತಕದ ಮೇಲೆ ಅಲ್ಲ ಕಣಣ್ಣ. ನಾನೇ ಓದೋದು ಅಂತ ಗೊತ್ತಿದ್ದೇ ಬರ್ದವ್ಳೆ. ಕೊಲೆ ಬಿಟ್ಟು ನಾನು ಬೇರೆ ಯಾವ್ದಾರ ಓದಿದ್ದೀನಾ? ಅವ್ಳಿಗೆ ತಿಳಿಯಲ್ವಾ?" ಕೈಯಲ್ಲಿದ್ದ ಸ್ಕ್ರೂಡ್ರೈವರ್ ಒರೆಸುತ್ತ ಮುಂದುವರಿಸಿದ: "ಬಾಯಿ ಬಿಟ್ಟು ಕೇಳದೆ ಉತ್ತರ ಸಿಕ್ತು, ಮರ್ಯಾದೆ ಉಳೀತು. ಗುಂಡ್ಲುಪೇಟೇಲಿ ನಮ್ಮ ಭಾವನ ಪಕ್ಕದ ಮಳಿಗೆ ಖಾಲಿ ಅದೆ. ಬರೋ ತಿಂಗ್ಳು ಹೊಂಟೋಯ್ತೀನಿ."

"ಸ್ನೇಹಿತನಾಗಿಯೇ ಇರು ಅಂತ ತಾನೇ ಬರೆದಿರೋದು?"

"ಇದ್ದೆನಲ್ಲ ಅಣ್ಣ. ಇನ್ನು ಆಗಾಕಿಲ್ಲ. ಎದುರುಗಡೆ ಕೂತ್ಕೊಂಡು ಏನೂ ಇಲ್ಲ ಅನ್ನೋ ಹಂಗೆ ಟೀ ಕುಡಿಯೋದು ನಂಗೆ ಬರಾಕಿಲ್ಲ."

ಎರಡು ವಿಸಿಲ್ ಕೊಟ್ಟೆ. ಇನ್ನೇನು ಮಾಡಲು ಬರುತ್ತಿತ್ತು? ಹನ್ನೆರಡು ವರ್ಷದ ಎರಡು ಗ್ಲಾಸ್ ಟೀ ನನ್ನ ಚೀಲದ ದೆಸೆಯಿಂದ ಕೆಟ್ಟಿತು ಎಂದುಕೊಂಡು ಸರಿಯಾಗಿ ಊಟ ಸೇರಲಿಲ್ಲ. ಮನೆಯವಳು ಕಾರಣ ಕೇಳಿದಳು. ಒಂದು ಕಾದಂಬರಿಯಿಂದ ಎಂದೆ. ಅವಳು ಸಾರಿನ ಪಾತ್ರೆ ಎತ್ತಿಟ್ಟಳು.

ಒಂದು ವಾರ ಕಳೆದಿರಬೇಕು. ಚಳಿ ಬಿದ್ದ ಬೆಳಿಗ್ಗೆ, ಕಾಡಿನ ಕಡೆಯಿಂದ ಮಂಜು ರಸ್ತೆಗೆ ಇಳಿದಿತ್ತು. ತೊರಪಳ್ಳಿಯಲ್ಲಿ ನಿಂತಾಗ ರತ್ನ ಹೊಸ ಪುಸ್ತಕವನ್ನು ತೆರೆಯದೆಯೇ ವಾಪಸು ಕೊಟ್ಟಳು.

"ಓದೋಕೆ ಮನಸ್ಸಿಲ್ಲ ಅಣ್ಣ. ಇನ್ನು ನನಗೆ ತರಬೇಡಿ."

"ಯಾಕಮ್ಮ?"

"ಓದಿ ಬರೆದು ಏನಾಗಬೇಕು? ಎರಡು ಟಿಕೆಟ್ ತುಂಬಾ ಬರೆದೆ. ಓದಿ ಈ ಮನುಷ್ಯ ಒಳಕ್ಕೆ ಹೋಗಿ ಗೋಡೆ ನೋಡ್ಕೊಂಡು ಕೂತ್ರು. ಬೇಡ ಅಂದ್ರೆ ಬೇಡ ಅನ್ನಬಹುದಾಗಿತ್ತು."

ನಾನು ಅಷ್ಟರಲ್ಲಿ ಎರಡು ವಿಸಿಲ್ ಊದಿ ಆಗಿತ್ತು. ಬಸ್ಸು ಉರುಳತೊಡಗಿತ್ತು. ಎರಡು ಟಿಕೆಟ್ ಎಂಬ ಮಾತು ತಲೆಗೆ ಮುಟ್ಟಿದ್ದು ಬಸ್ಸು ಹತ್ತು ಮಾರು ಹೋದ ಮೇಲೆ.

ಆಗ ಎಲ್ಲ ಕಣ್ಣಿಗೆ ಕಟ್ಟಿತು. ಅಂದು ಅವಳ ಪುಸ್ತಕ ತೆರೆದು ಓದುತ್ತಿದ್ದಾಗ, ಮುದುಮಲೆಯ ತಿರುವಿನಲ್ಲಿ ಬಸ್ಸು ವಾಲಿತು. ಪುಟಗಳ ನಡುವಿನಿಂದ ಒಂದು ಟಿಕೆಟ್ ಜಾರಿ ನೆಲಕ್ಕೆ ಬಿತ್ತು. ಮುದ್ರಣದ ಬದಿ ಮೇಲಿತ್ತು: ಗೂಡಲೂರು–ತೊರಪಳ್ಳಿ. ಬಗ್ಗಿ ಎತ್ತಿಕೊಂಡೆ. ಕೈಗೆ ಸಿಕ್ಕಿದ್ದು ಹಳೇ ಟಿಕೆಟ್. ಕೈ ತನ್ನ ಧರ್ಮ ನಡೆಸಿತು. ಹುಲಿಗಳ ಕಾಡಿನಲ್ಲಿ ಕಸ ಎಸೆಯಬಾರದೆಂಬ ನಿಯಮವನ್ನೂ ಪಾಲಿಸಿ, ನಾಲ್ಕು ಚೂರನ್ನು ಜೇಬಿನಲ್ಲಿಟ್ಟುಕೊಂಡು ಗುಂಡ್ಲುಪೇಟೆಯ ಕಸದ ಡಬ್ಬಿಗೆ ಹಾಕಿದ್ದೆ. ಗೂಡಲೂರಿಗೆ ದಾರ ತರಲು ಹೋಗಿದ್ದವಳು ಹೋಗುವ ಟಿಕೆಟ್ಟಿನ ಹಿಂದೆ ಅರ್ಧ, ಬರುವ ಟಿಕೆಟ್ಟಿನ ಹಿಂದೆ ಇನ್ನರ್ಧ ಬರೆದಿದ್ದಳು. ಹೊಸದಾಗಿ ಕೆಲಸಕ್ಕೆ ಸೇರುವ ಮಕ್ಕಳಿಗೆ ಈ ಬರಹದಲ್ಲಿ ಒಂದೇ ಒಂದು ಉಪದೇಶವಿದ್ದರೆ ಇದು: ಹರಿಯಿರಿ, ಆದರೆ ಮೊದಲು ತಿರುಗಿಸಿ ನೋಡಿ. ಪೆರಿಯಸಾಮಿಯವರು ಅದನ್ನು ಹೇಳಲು ಮರೆತರು.

ಒಂದು ವಿಸಿಲ್ ಊದಿದೆ. ಭೋಜನ್ ಬ್ರೇಕ್ ಹಾಕಿದರು. ಮುಂದಿನ ಸೀಟಿನ ಬಡಗ ಅಜ್ಜಿಯ ಬುಟ್ಟಿಯಿಂದ ಬೀನ್ಸ್ ಚೆಲ್ಲಿತು.

"ಎನ್ನಾಚ್ಚು?" ಏನಾಯಿತೆಂದು ಯಾರೋ ಹಿಂದಿನಿಂದ ತಮಿಳಿನಲ್ಲಿ ಕೇಳಿದರು.

"ಕಂಡಕ್ಟರ್ ತಪ್ಪು" ಎಂದು ಹೇಳಿ ಇಳಿದೆ. ಸರ್ವಿಸಿನಲ್ಲಿ ಸಾರ್ವಜನಿಕವಾಗಿ ಹಾಗೆ ಒಪ್ಪಿಕೊಂಡದ್ದು ಅದೊಂದೇ ಸಲ.

ಓಡಿ ಮಹದೇವನ ಅಂಗಡಿಗೆ ಹೋದೆ. ಅವನು ಸಾಮಾನುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ಏದುಸಿರು ಬಿಡುತ್ತ ಹೇಳಿದೆ: ಚೀಟಿ ಎರಡಿದ್ದವು, ಎರಡನೆಯದನ್ನು ನಾನು ಹರಿದೆ, ನೀನು ಓದಿದ್ದು ಅರ್ಧ.

"ಅದ್ರಲ್ಲಿ ಏನಿತ್ತು?"

"ಗೊತ್ತಿಲ್ಲಪ್ಪ. ಹಿಂದೆ ತಿರುಗಿಸಿ ನೋಡಲಿಲ್ಲ."

ಅವನು ನನ್ನನ್ನು ನೋಡಿದ ನೋಟವನ್ನು ವರ್ಣಿಸುವುದಿಲ್ಲ. ಕೈಯಲ್ಲಿದ್ದ ಮಿಕ್ಸಿಯ ಜಾರ್ ನನಗೆ ಕೊಟ್ಟು ರಸ್ತೆ ದಾಟಿದ. ನಾನು ಜಾರ್ ಹಿಡಿದುಕೊಂಡೇ ಹಿಂದೆ ಹೋದೆ. ಭೋಜನ್ ಅಷ್ಟು ಹೊತ್ತಿಗೆ ಬಸ್ಸನ್ನು ಹಿಂದಕ್ಕೆ ತಂದು ಟೈಲರಿಂಗ್ ಅಂಗಡಿಯ ನೇರಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿದ್ದರು. ಹದಿನಾಲ್ಕು ವರ್ಷದಲ್ಲಿ ತೊರಪ‍ಳ್ಳಿಯಲ್ಲಿ ಅವರು ಎಂಜಿನ್ ಆಫ್ ಮಾಡಿರಲಿಲ್ಲ. ಎಡಗಡೆಯ ಕಿಟಕಿಗಳೆಲ್ಲ ತಲೆಗಳಿಂದ ತುಂಬಿದವು.

"ಎರಡ್ನೇ ಟಿಕೆಟ್ ನಂಗೆ ಬರ್ಲಿಲ್ಲ" ಎಂದ ಮಹದೇವ. "ಕಂಡಕ್ಟರಣ್ಣ ಹರಿದಾಕಿದ್ರಂತೆ. ಏನಿತ್ತು?"

ರತ್ನ ನನ್ನ ಕಡೆ ನೋಡಿದಳು. ನಾನು ಜಾರಿನ ಮುಚ್ಚಳ ನೋಡಿದೆ.

"ಬಸ್ಸಿಗೆ ಬಸ್ಸೇ ನೋಡ್ತಾ ಅದೆ" ಎಂದಳು.

"ನೋಡ್ಲಿ. ಅವ್ರು ಟಿಕೆಟ್ ತಗೊಂಡವ್ರೆ."

ಅವಳು ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು, ಗೋಡೆಯನ್ನೇ ನೋಡುತ್ತ, ಬಾಯಿಪಾಠ ಒಪ್ಪಿಸುವಂತೆ ಹೇಳಿದಳು: "ಆದರೆ ಎಲ್ಲ ಗಂಡಸರೂ ಆ ಹುಡುಗನ ಹಾಗೆ ಆಗಬೇಕು ಅಂತ ಏನಿಲ್ಲ. ಮುಖಕ್ಕೆ ನಿಜ ಹೇಳೋದನ್ನ ಬಿಡಲ್ಲ ಅನ್ನೋ ಸ್ನೇಹಿತ ಸಿಕ್ಕಿದ್ರೆ, ನಾನು ಆ ಹುಡುಗಿಯಷ್ಟು ತಡ ಮಾಡಲ್ಲ. ಅಷ್ಟೇ ಇತ್ತು."

ಬಸ್ಸಿನಲ್ಲಿ ಅಜ್ಜಿ ಬೀನ್ಸ್ ಆರಿಸುವುದನ್ನು ನಿಲ್ಲಿಸಿದ್ದಳು. ಹನ್ನೆರಡು ವರ್ಷ ಎದುರಿಗೆ ನಿಂತವನಿಗೆ ಹೂಂ ಎನ್ನಲು ಇದಕ್ಕಿಂತ ಒಳ್ಳೆಯ ಸ್ಟಾಪ್ ಇನ್ನೊಂದಿಲ್ಲ. ಮಹದೇವ ಹೂಂ ಎನ್ನಲಿಲ್ಲ. ತಲೆ ತಗ್ಗಿಸಿ ನಿಂತ.

"ಹಂಗಾದ್ರೆ ನಾನು ಫೇಲು" ಎಂದ.

ರತ್ನಳ ಕೈ ಚಕ್ರದಿಂದ ಜಾರಿತು. "ಯಾಕೆ?"

"ಈ ಷರ್ಟು. ನೀನೇ ಹೊಲಿದುಕೊಟ್ಟಿದ್ದಲ್ವಾ, ಹೋದ ಯುಗಾದಿಗೆ?"

"ಹೂಂ."

"ಎಡಗಡೆ ತೋಳು ಒಂದಿಂಚು ಗಿಡ್ಡ ಅದೆ."

ಅವಳು ಎದ್ದು ಬಂದಳು. ಕೊರಳಲ್ಲಿ ನೇತಾಡುತ್ತಿದ್ದ ಟೇಪ್ ತೆಗೆದು ಅವನ ಎಡತೋಳು ಅಳೆದಳು, ಬಲತೋಳು ಅಳೆದಳು, ಮತ್ತೊಮ್ಮೆ ಎಡತೋಳು ಅಳೆದಳು. ಒಂದಿಂಚು ಸರಿಯಾಗಿತ್ತು.

"ಯುಗಾದಿಯಿಂದಾನೂ ಹಾಕ್ಕೊಂಡು ಓಡಾಡ್ತಿದ್ದೀರಲ್ಲ ಇವರೇ? ನನ್ನ ಕುಚ್ಚು ಸರಿ ಇಲ್ಲ, ಕಾಜಾ ಸರಿ ಇಲ್ಲ ಅಂತ ಹನ್ನೊಂದು ವರ್ಷ ರಸ್ತೆ ಆಚೆಯಿಂದ ಕೂಗಿದವರು. ಇದನ್ನ ಯಾಕೆ ಹೇಳಲಿಲ್ಲ?"

ಮಹದೇವ ಎಡತೋಳನ್ನು ಕೆಳಕ್ಕೆ ಎಳೆದುಕೊಂಡ. ಅವನು ಕೊಡಬೇಕಾದ ಉತ್ತರವೆಲ್ಲ ಅವಳು ಬರೆದ ಮೊದಲನೆಯ ಟಿಕೆಟ್ಟಿನಲ್ಲೇ ಇತ್ತು, 'ಪ್ರೀತಿ ಅಂದ ಮೇಲೆ' ಎಂದು ಶುರುವಾಗುವ ಸಾಲಿನಲ್ಲಿ. ಅದು ಅವಳಿಗೂ ಅದೇ ಕ್ಷಣದಲ್ಲಿ ಹೊಳೆದಿರಬೇಕು. ಟೇಪ್ ಮಡಿಚುತ್ತಿದ್ದ ಕೈ ನಡುವೆ ನಿಂತಿತು. ಮುಖ ಕಿವಿಯವರೆಗೆ ಕೆಂಪಾಯಿತು.

"ಒಂದು ವರ್ಷದಿಂದಾನಾ?" ಎಂದು ಕೇಳಿದಳು, ತೀರ ಮೆಲ್ಲಗೆ.

"ಹೂಂ" ಎಂದ ಅವನು. "ಈವತ್ತು ಹೇಳ್ದೆನಲ್ಲ. ಇನ್ನು ಮೇಲೆ ಆವತ್ತಿಂದು ಆವತ್ತೇ ಹೇಳ್ತೀನಿ."

"ಬಿಚ್ಚಿ ಕೊಡಿ. ಒಳಗೆ ಮಡಿಚಿದ ಬಟ್ಟೆ ಅದೆ, ಬಿಡಿಸಿದ್ರೆ ಸರಿ ಹೋಗ್ತದೆ."

ನಾನು ಮಿಕ್ಸಿಯ ಜಾರನ್ನು ಕಟಿಂಗ್ ಟೇಬಲ್ಲಿನ ಮೇಲಿಟ್ಟು ಬಸ್ ಹತ್ತಿದೆ. ಅಜ್ಜಿ ತನ್ನ ಬೀನ್ಸ್ ಮರೆತು ಇನ್ನೂ ಹೊರಗೇ ನೋಡುತ್ತಿದ್ದಳು. ಎರಡು ವಿಸಿಲ್ ಕೊಟ್ಟೆ. ಭೋಜನ್ ಎಂದೂ ಇಲ್ಲದಷ್ಟು ನಿಧಾನವಾಗಿ ಕ್ಲಚ್ ಬಿಟ್ಟರು. ಹಿಂದಿನ ಗಾಜಿನಲ್ಲಿ ನೋಡಿದೆ. ರತ್ನ ಬಾಗಿಲಿನ ಬೆಳಕಿಗೆ ಷರ್ಟ್ ಹಿಡಿದು ಬ್ಲೇಡಿನಿಂದ ಎಡತೋಳಿನ ಹೊಲಿಗೆ ಬಿಚ್ಚುತ್ತಿದ್ದಳು. ಎದುರಿನ ಸ್ಟೂಲಿನ ಮೇಲೆ ಮಹದೇವ ಬರೀ ಬನಿಯನ್‌ನಲ್ಲಿ, ಕೈ ಕಟ್ಟಿಕೊಂಡು, ಹಲ್ಲು ಕಟಕಟ ಎನ್ನಿಸುತ್ತ ಕುಳಿತಿದ್ದ. ಅಂಗಡಿಯ ತುಂಬ ಬಟ್ಟೆ ಇತ್ತು. ಒಂದನ್ನು ತೆಗೆದು ಹೊದೆಯಬಹುದೆಂದು ಇಬ್ಬರಲ್ಲಿ ಒಬ್ಬರಿಗೂ ತೋಚಿರಲಿಲ್ಲ.